ಜೋಡಿ ಎಲ್ಲಿ ಎಂದು ಕೇಳುತ್ತಿದ್ದ ಮಾವಶಿ

ಹೋದ ನವೆಂಬರಿನಲ್ಲಿ ಪಿಂಚಣಿಯ ಕೆಲಸಕ್ಕಾಗಿ ಮುಂಬಯಿಯ ಬಾಂದ್ರಾದ ಕಚೇರಿಯೊಂದರ ಬೆಂಚಿನ ಮೇಲೆ ಕಾದು ಕುಳಿತಿದ್ದೆ. ಊಟದ ಬಿಡುವಾಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಬಟ್ಟೆಯ ಗಂಟನ್ನು ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿಪುಡಿ ಉದುರಿಸಿಕೊಂಡರು. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಜೊತೆಗೆ ಬಟ್ಟೆಗೆ ಹಿಡಿದ ಎಣ್ಣೆಯ ಜಿಡ್ಡು... ನಾನು ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲಬೇಕಾಯಿತು. ಆ ಹೆಂಗಸು ತಪ್ಪು ತಿಳಿದುಕೊಂಡಿರಬಹುದು. ವಾಸನೆ ಸಹಿಸದೆ ಎದ್ದವನೆಂದು ಭಾವಿಸಿ ಗಂಟನ್ನು ಅರ್ಧ ಮುಚ್ಚಿದರು. ನಾನು ಎದ್ದದ್ದು ಅದಕ್ಕಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಸಯನ್ ಸ್ಟೇಷನ್ನಿನ ಹತ್ತಿರದ ಚಾಳೊಂದರ ಕೆಳಮಹಡಿಯಲ್ಲಿ ಒಂದು ಖಾನಾವಳಿಯಿತ್ತು. ಅದನ್ನು ನಡೆಸುತ್ತಿದ್ದವರು ಬೆಳಗಾವಿ ಕಡೆಯ ಒಬ್ಬ ವಿಧವೆ. ಮರಾಠಿಯವರೂ ಕನ್ನಡದವರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅಲ್ಲಿ ಉಣ್ಣಲು ಬರುತ್ತಿದ್ದವರು ಬಹುಮಟ್ಟಿಗೆ ಉತ್ತರ ಕರ್ನಾಟಕದಿಂದ ಒಂಟಿಯಾಗಿ ಬಂದ ಗಂಡಸರು: ಬಟ್ಟೆ ಗಿರಣಿಯವರು, ಗಾರೆ ಕೆಲಸದ ಗೌಂಡಿಗಳು, ಹಮಾಲರು. ಅವರ ನಡುವೆ ಬಿ.ಎ. ಆದವನು ನಾನೊಬ್ಬನೇ. ನಮ್ಮ ಮನೆತನದಲ್ಲಿಯೂ ನಾನೇ ಮೊದಲಿಗ. ನನ್ನ ಓದಿಗಾಗಿ ನನ್ನ ಅಣ್ಣ ತನ್ನ ಶಾಲೆಯನ್ನು ಬಿಟ್ಟಿದ್ದ.

ಆ ಖಾನಾವಳಿಯಲ್ಲಿ ಬೇರೆಲ್ಲೂ ಇಲ್ಲದ ನಿಯಮವೊಂದಿತ್ತು. ಅಲ್ಲಿ ಉಣ್ಣುವ ಪ್ರತಿಯೊಬ್ಬನಿಗೂ ಮತ್ತೊಬ್ಬನನ್ನು ಜೋಡಿಯಾಗಿ ಗೊತ್ತುಮಾಡಲಾಗುತ್ತಿತ್ತು. ಜೋಡಿ ಬಂದಿರದಿದ್ದರೆ, ಅವನು ಎಲ್ಲಿದ್ದಾನೆಂದು ಹೇಳುವವರೆಗೆ ಇವನ ತಾಟಿಗೆ ರೊಟ್ಟಿ ಬೀಳುತ್ತಿರಲಿಲ್ಲ. ನಾನು ಅಲ್ಲಿಗೆ ಹೋದ ಮೊದಲ ದಿನವೇ ಒಬ್ಬ ಹಮಾಲ ಇದೇ ಕಾರಣಕ್ಕೆ ಜಗಳ ತೆಗೆದಿದ್ದ.

"ನಿನ್ನ ಜೋಡಿ ಎಲ್ಲಿ ಹೋಗ್ಯಾನ?"

"ನನಗೇನ್ ಗೊತ್ತು ಮಾವಶಿ? ಅವನೇನ್ ನನ್ನ ಹೇಂತಿ ಏನ್?"

"ಹೇಂತಿ ಆಗಿದ್ರ ಊರಾಗ ಬಿಟ್ಟು ಬಂದಿರ್ತಿದ್ದಿ. ಹೋಗ, ನೋಡ್ಕೊಂಡ ಬಾ. ರೊಟ್ಟಿ ಬಿಸಿ ಇಟ್ಟಿರ್ತೀನಿ."

ಸಾಲಿನಲ್ಲಿ ಕುಳಿತವರೆಲ್ಲ ನಕ್ಕರು. ಹಮಾಲ ಗೊಣಗುತ್ತಲೇ ಎದ್ದು ಹೋದ, ಸ್ವಲ್ಪ ಹೊತ್ತಿನಲ್ಲಿ ಜ್ವರ ಬಂದು ಮಲಗಿದ್ದ ಗೆಳೆಯನ ಸುದ್ದಿಯನ್ನು ತಂದ. ಮಾವಶಿ ಆ ಗೆಳೆಯನಿಗೆ ಗಂಜಿ ಕಳಿಸಿದರು.

ನಿಯಮದ ಹಿನ್ನೆಲೆಯನ್ನು ನಾನು ಆಮೇಲೆ ತಿಳಿದುಕೊಂಡೆ. ನಾನು ಬರುವುದಕ್ಕೆ ಮೊದಲು ಅಲ್ಲಿ ಉಣ್ಣುತ್ತಿದ್ದ ಒಬ್ಬ ತರುಣ ತನ್ನ ಖೋಲಿಯಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಅವನು ಕಾಣದಿದ್ದಾಗ ಖಾನಾವಳಿಯವರು ಊರಿಗೆ ಹೋಗಿರಬೇಕೆಂದುಕೊಂಡರು. ಚಾಳಿನವರು ಕೆಲಸಕ್ಕೆ ಹೋಗಿರಬೇಕೆಂದುಕೊಂಡರು. ತಿಳಿಯುವ ಹೊತ್ತಿಗೆ ದಿನಗಳು ಕಳೆದಿದ್ದವು. ಮಾವಶಿ ಈ ಸಂಗತಿಯನ್ನು ನನ್ನೆದುರು ಒಮ್ಮೆ ಮಾತ್ರ ಹೇಳಿದ್ದರು. "ಆ ಹುಡುಗ ಉಣ್ಣಾಕ ಬರಲಿಲ್ಲ. ನಾ ಏನ್ ಮಾಡಿದ್ನಿ? ಮರುದಿನ ಹಿಟ್ಟು ಕಡಿಮಿ ನಾದಿದ್ನಿ. ಅಷ್ಟ."

ನನಗೆ ಜೋಡಿಯಾಗಿ ಸಿಕ್ಕವರು ವಿಜಾಪುರ ಜಿಲ್ಲೆಯ ಒಬ್ಬ ಮುಸಲ್ಮಾನ ಪೇಂಟರ್. ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸ ಅವರದು. ವಯಸ್ಸಿನಲ್ಲಿ ಬಹಳ ಹಿರಿಯರಾದ್ದರಿಂದ ನಾನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ಬಿ.ಎ. ಸಾಹೇಬ್ ಎಂದು ಕರೆದು ರೇಗಿಸುತ್ತಿದ್ದರು. ಜೋಳದ ರೊಟ್ಟಿ ಇಲ್ಲದೆ ತಮಗೆ ಊಟವೇ ಆಗದೆಂದು ಹೇಳಿ ಅವರು ಅಲ್ಲಿಗೆ ಬರುತ್ತಿದ್ದರು. ಅವರ ಕೂದಲಿನಲ್ಲಿ ಯಾವಾಗಲೂ ಸುಣ್ಣದ ಹುಡಿ ಇರುತ್ತಿತ್ತು. ನಿಜ ಹೇಳುವುದಾದರೆ, ಮೊದಮೊದಲು ಈ ಜೋಡಿ ನನಗೆ ಅಷ್ಟು ಸರಿಬೀಳಲಿಲ್ಲ. ನನ್ನ ಚಿಂತೆಗಳು ಕಚೇರಿಗೆ ಸಂಬಂಧಿಸಿದವು, ಅವರಿಗೆ ಅರ್ಥವಾಗಲಾರವು ಎಂದು ನಾನು ಭಾವಿಸಿದ್ದೆ.

ಕಂಪನಿಯೊಂದರಲ್ಲಿ ನಾನು ಹಂಗಾಮಿ ಗುಮಾಸ್ತನಾಗಿದ್ದೆ. ನನ್ನ ಇಂಗ್ಲಿಷಿನ ಮೇಲೆ ನನಗೇ ಭರವಸೆ ಇರಲಿಲ್ಲ. ಬರೆದ ಒಂದೊಂದು ಕಾಗದವನ್ನೂ ಹಲವು ಸಲ ಓದಿ, ಕಳಿಸಿದ ಮೇಲೆ ತಪ್ಪು ಉಳಿದಿರಬಹುದೆಂದು ನಿದ್ದೆಗೆಡುತ್ತಿದ್ದೆ. ಕ್ರಮೇಣ ನಿದ್ದೆ ಪೂರ್ತಿಯಾಗಿ ಹೋಯಿತು. ಊಟಕ್ಕೆ ರುಚಿ ಇರಲಿಲ್ಲ, ಸ್ನಾನ ಮಾಡುವುದೂ ದೊಡ್ಡ ಕೆಲಸವೆನಿಸುತ್ತಿತ್ತು. ಹೀಗೆ ಕೆಲವು ತಿಂಗಳು ನಡೆದಿರಬೇಕು. ಅಷ್ಟರಲ್ಲಿ ಕೆಲಸವೂ ಹೋಯಿತು. ಕಂಪನಿಯವರು ನನ್ನೊಬ್ಬನನ್ನೇ ಬಿಡಿಸಿರಲಿಲ್ಲ, ಹಂಗಾಮಿಗಳನ್ನೆಲ್ಲ ಬಿಡಿಸಿದ್ದರು. ಆದರೆ ನನ್ನ ಮನಸ್ಸು ಅದನ್ನು ಒಪ್ಪಲಿಲ್ಲ. ಊರಿನಲ್ಲಿ ನಾನು ಸಾಹೇಬನಾಗಿದ್ದೇನೆಂದು ಎಲ್ಲರೂ ನಂಬಿದ್ದರು...

ಅದು ಶ್ರಾವಣದ ಸಮಯ. ನನ್ನ ಖೋಲಿಯಲ್ಲಿದ್ದ ಇಬ್ಬರೂ ಪಂಚಮಿ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಬದುಕನ್ನು ಮುಗಿಸಿಕೊಳ್ಳಬೇಕೆಂದು ನಾನು ಆಗ ನಿಶ್ಚಯಿಸಿದೆ. ಇದನ್ನು ಬರೆಯುವಾಗ ಬೇರೆ ಮಾತು ಹುಡುಕಿದೆ, ಸಿಗಲಿಲ್ಲ.

ಜೋಡಿಯ ನಿಯಮ ನನ್ನ ನೆನಪಿನಲ್ಲಿತ್ತು. ಹೇಳದೆ ಊಟ ತಪ್ಪಿಸಿದರೆ ಚಾಚಾ ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ನಿಯಮದ ಪ್ರಕಾರವೇ ನಡೆದುಕೊಂಡೆ. ಬೆಳಗಿನ ಊಟವಾದ ಮೇಲೆ, ಸಂದರ್ಶನಕ್ಕಾಗಿ ಮಧ್ಯಾಹ್ನದ ಗಾಡಿಗೆ ಪುಣೆಗೆ ಹೋಗುತ್ತಿದ್ದೇನೆ, ಕೆಲವು ದಿನ ಬರುವುದಿಲ್ಲ ಎಂದು ಚಾಚಾ ಅವರಿಗೆ ಹೇಳಿದೆ.

"ಅಚ್ಛಾ! ಸಾಹೇಬ್ರು ಸಾಹೇಬ್ರಾಗಿ ಬರ್ತಾರ ಅನ್ರಿ," ಎಂದು ಬೆನ್ನು ತಟ್ಟಿದರು. ಮಾವಶಿ ಒಳಗೆ ಒಲೆಯ ಮುಂದಿದ್ದರು. ಅವರಿಗೆ ನಾನು ಹೇಳಲಿಲ್ಲ. ಅವರ ಮುಖ ನೋಡಿ ಹೇಳುವ ಶಕ್ತಿ ನನಗಿರಲಿಲ್ಲ.

ಆಮೇಲೆ ಅಲ್ಲಿ ನಡೆದದ್ದನ್ನು ಚಾಚಾ ನನಗೆ ಹೇಳಿದ್ದಾರೆ. ಸುದ್ದಿ ಕೇಳಿ ಮಾವಶಿ ಮೊದಲು ಕೇಳಿದ್ದು, "ಬುತ್ತಿ?" ಎಂದು. ಪ್ರಯಾಣಕ್ಕೆ ಕಟ್ಟಿಕೊಡುವ ರೊಟ್ಟಿಯ ಗಂಟಿಗೆ ನಮ್ಮ ಕಡೆ ಬುತ್ತಿ ಎನ್ನುತ್ತೇವೆ. ಅದಿಲ್ಲದೆ ಯಾರೂ ಊರು ಬಿಡುವುದಿಲ್ಲ, ಯಾರನ್ನೂ ಕಳಿಸುವುದೂ ಇಲ್ಲ. ನಾನು ಕೇಳಿರಲಿಲ್ಲ. ಮಾವಶಿ ಆರಿಸಿದ್ದ ಒಲೆಯನ್ನು ಮತ್ತೆ ಹೊತ್ತಿಸಿ ರೊಟ್ಟಿ ಬಡಿದರು, ಗುರೆಳ್ಳು ಚಟ್ನಿಯೊಂದಿಗೆ ಗಂಟು ಕಟ್ಟಿ ಚಾಚಾ ಕೈಗೆ ಕೊಟ್ಟರು. "ದಾದರಕ್ಕ ಹೋಗಿ ಗಾಡಿಯಾಗ ಕೊಟ್ಟು ಬಾ. ಆ ಹುಡುಗಗ ಓದೂದ ಬಿಟ್ರ ಮತ್ತೇನೂ ತಿಳಿಯೂದಿಲ್ಲ."

ಚಾಚಾ ಅಂದಿನ ಕೆಲಸ ಬಿಟ್ಟು ದಾದರ್ ಸ್ಟೇಷನ್ನಿಗೆ ಹೋದರು. ಮಳೆಯಿಂದ ಗಾಡಿ ತಡವಾಗಿತ್ತು. ಬಂದ ಮೇಲೂ ಬಹಳ ಹೊತ್ತು ನಿಂತಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಬಾಗಿಲು ಬಡಿದ ಸದ್ದಾಯಿತು. ಚಾಚಾ ಅವರ ಧ್ವನಿ ಕೇಳಿಸಿತು.

"ಬಿ.ಎ. ಸಾಹೇಬ್, ಹೊರಗ ಕೀಲಿ ಇಲ್ಲ. ಅಂದ್ರ ನೀವು ಒಳಗ ಅದೀರಿ. ಇಷ್ಟು ಹಿಸಾಬು ನಾಲ್ಕನೇ ಇಯತ್ತೆ ಕಲತವಂಗೂ ಬರ್ತೈತಿ."

ಅವರು ಮತ್ತೆ ಬಡಿದರು.

"ಗಾಡಿ ಈ ತುದಿಯಿಂದ ಆ ತುದಿತನಕ ಡಬ್ಬಾ ಡಬ್ಬಾ ನೋಡಿ ಬಂದೀನಿ. ಟಿ.ಸಿ. ನನ್ನ ಕಳ್ಳ ಅಂತ ತಿಳಿದು ಬೈದ. ಈಗ ಈ ರೊಟ್ಟಿ ವಾಪಸ್ ಒಯ್ದರ ಮಾವಶಿ ನನ್ನ ಒಳಗ ಬಿಡೂದಿಲ್ಲ. ತೆಗೀರಿ, ಮಳಿಯಾಗ ನಿಂತೀನಿ."

ನಾನು ಬಾಗಿಲು ತೆರೆದೆ. ಏಕೆ ತೆರೆದೆನೆಂದು ಅನೇಕ ಸಲ ಯೋಚಿಸಿದ್ದೇನೆ. ಬದುಕುವ ಆಸೆ ಹುಟ್ಟಿತೆಂದು ಬರೆದರೆ ಸುಳ್ಳಾದೀತು. ರೊಟ್ಟಿ ತಂದ ಹಿರಿಯರನ್ನು ಮಳೆಯಲ್ಲಿ ನಿಲ್ಲಿಸುವುದು ಅಸಭ್ಯವೆಂದು ತೋರಿತು, ಅಷ್ಟೇ.

ಅವರು ಒಳಗೆ ಬಂದು ನನ್ನನ್ನು ನೋಡಿದರು. "ಪುಣೆ ಗಾಡಿ ಈ ಖೋಲಿಯಿಂದನ ಬಿಡ್ತೈತಿ ಏನು?" ಎಂದು ನಗಲು ನೋಡಿದರು. ನಾನು ನಗಲಿಲ್ಲ. ಅವರು ನೆಲದ ಮೇಲೆ ಕುಳಿತರು. ಧ್ವನಿ ತಗ್ಗಿಸಿ, ಆದರೆ ಸುತ್ತಿ ಬಳಸದೆ ಕೇಳಿದರು. "ಜೀವಕ್ಕೇನರ ಮಾಡ್ಕೋಬೇಕಂತ ಇತ್ತೇನು?"

"ಹೌದು," ಎಂದೆ.

ಆ ಒಂದು ಮಾತನ್ನು ಯಾರಾದರೂ ಕೇಳಬಹುದೆಂದು ನಾನು ಎಣಿಸಿಯೇ ಇರಲಿಲ್ಲ. ಕೇಳಿದ ಮೇಲೆ ಸುಳ್ಳು ಹೇಳಲಾಗಲಿಲ್ಲ. ಚಾಚಾ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ತಲೆಯಲ್ಲಾಡಿಸಿ, "ಮೊದಲ ಕೈ ತೊಳ್ಕೋರಿ," ಎಂದರು. ರೊಟ್ಟಿಯ ಗಂಟನ್ನು ಬಿಚ್ಚಿ ಇಬ್ಬರ ನಡುವೆ ಇಟ್ಟರು. ನಾನು ಎಷ್ಟು ತಿಂದೆನೋ ನೆನಪಿಲ್ಲ. ಅಳುತ್ತ ತಿಂದದ್ದು ನೆನಪಿದೆ. ಅವರು ತಮ್ಮ ಪಾಲನ್ನು ಸಾವಕಾಶವಾಗಿ ಮುಗಿಸಿದರು. ಬಳಿಕ ಖೋಲಿಗೆ ಕೀಲಿ ಹಾಕಿಸಿ, ಕೀಲಿಕೈಯನ್ನು ತಮ್ಮ ಕಿಸೆಯಲ್ಲಿಟ್ಟುಕೊಂಡು, ನನ್ನನ್ನು ಖಾನಾವಳಿಗೆ ಕರೆದುಕೊಂಡು ಹೋದರು.

"ಪುಣೆ ಲಗೂನ ಮುಟ್ಟಿ ಬಂದಿ ನೋಡ ತಮ್ಮಾ," ಎಂದರು ಮಾವಶಿ. ಚಾಚಾ ಅವರ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದರು. ಮಾವಶಿಯ ಕೈ ಹಿಟ್ಟಿನಲ್ಲಿಯೇ ನಿಂತಿತು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವರು ಅತ್ತ ನೋಡಲಿಲ್ಲ. ಆಮೇಲೆ ಉಣ್ಣುತ್ತಿದ್ದವರಿಗೆಲ್ಲ ಕೇಳಿಸುವಂತೆ, "ಈ ಹುಡುಗಗ ನಿದ್ದಿ ಬರವಲ್ದು. ಇವತ್ತಿನಿಂದ ಒಬ್ಬಾವನ ಮಲಗಾಂಗಿಲ್ಲ. ಯಾರ್ಯಾರು ಪಾಳಿ ಹಚ್ತೀರಿ, ಹೇಳ್ರಿ," ಎಂದರು.

ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನು ಆ ಗಂಡಸರು ಊಹಿಸಿಕೊಂಡಿರಬೇಕು, ಯಾರೂ ಕೇಳಲಿಲ್ಲ. ಯಾರು ಗೊರಕೆ ಹೊಡೆಯುತ್ತಾರೆ, ಯಾರು ಹೊಡೆಯುವುದಿಲ್ಲ ಎಂಬ ವಾದವೇ ದೊಡ್ಡದಾಯಿತು.

"ನೀ ಹೋಗಬ್ಯಾಡೋ, ನಿನ್ನ ಗೊರಕಿಗೆ ಇದ್ದ ನಿದ್ದೀನೂ ಹೋದೀತು," ಎಂದು ಒಬ್ಬ ಗೌಂಡಿ ಹಮಾಲನನ್ನು ಹಂಗಿಸಿದ. ಖೋಲಿಯವರು ಹಬ್ಬ ಮುಗಿಸಿ ಬರುವವರೆಗೆ ದಿನಕ್ಕೊಬ್ಬರಂತೆ ಬಂದು ನನ್ನ ಪಕ್ಕದಲ್ಲಿ ಮಲಗಿದರು. ಆ ಹಮಾಲನೂ ಬಂದ. ಗೌಂಡಿ ಹೇಳಿದ್ದು ನಿಜವಾಗಿತ್ತು.

ವೈದ್ಯರಲ್ಲಿಗೆ ಹೋಗಲು ನಾನು ಒಲ್ಲೆನೆಂದೆ. ಮನಸ್ಸಿನ ಡಾಕ್ಟರ ಬಳಿ ಹೋದವನಿಗೆ ಹುಚ್ಚನೆಂಬ ಹೆಸರು ಬೀಳುವ ಕಾಲ ಅದು. ಆ ಡಾಕ್ಟರರಿಗೆ ಮಾವಶಿ 'ನಿದ್ದಿ ಡಾಕ್ಟರ್' ಎಂದು ಹೆಸರಿಟ್ಟು, ನನ್ನನ್ನು ದೊಡ್ಡ ಆಸ್ಪತ್ರೆಗೆ ತಾವೇ ಕರೆದೊಯ್ದರು. ಅಲ್ಲಿಯೂ ನಾನು ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಡಾಕ್ಟರರು ಮರಾಠಿಯಲ್ಲಿ ಮಾತನಾಡಿಸಿದರು. ಇದು ಕಾಯಿಲೆ, ನನ್ನ ಯೋಗ್ಯತೆಯ ಮಾತಲ್ಲ, ವಾಸಿಯಾಗುತ್ತದೆ ಎಂದರು. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಅವರು ಕೇಳಿದಾಗ ಮಾವಶಿ ಹೊರಗಿನ ಬೆಂಚಿನಿಂದಲೇ, ಇಡೀ ಖಾನಾವಳಿ ಇದೆ ಎಂದು ಮರಾಠಿಯಲ್ಲಿ ಕೂಗಿ ಹೇಳಿದರು.

ವಾಸಿಯಾಗಲು ಬಹಳ ಕಾಲ ಹಿಡಿಯಿತು. ನಡುವೆ ಮತ್ತೆ ಕೆಟ್ಟ ದಿನಗಳು ಬಂದವು. ಅಣ್ಣನಿಗೆ ನಿಜಸ್ಥಿತಿ ತಿಳಿಸಿದಾಗ ಅವನು ಬಂದು ಒಂದು ವಾರ ಇದ್ದ. ಸಾಹೇಬಗಿರಿಯ ಮಾತನ್ನೇ ಎತ್ತಲಿಲ್ಲ. ಆಮೇಲೆ ನನಗೆ ಬೇರೆ ಕಡೆ ಕೆಲಸ ಸಿಕ್ಕಿತು.

ಖಾನಾವಳಿಯ ನಿಯಮವೂ ಬದಲಾಯಿತು. ಊರಿಗೆ ಹೊರಟವನು ಬುತ್ತಿ ಒಯ್ಯಲೇಬೇಕು, ಜೋಡಿಯಾದವನು ಅವನನ್ನು ಗಾಡಿ ಹತ್ತಿಸಿಯೇ ಬರಬೇಕು. ಗಿರಣಿಯವರು ಇದನ್ನು ಮದುವೆಯಾದ ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಶಾಸ್ತ್ರವೆಂದು ಹಾಸ್ಯ ಮಾಡುತ್ತಿದ್ದರು, ಮಾಡುತ್ತಲೇ ಸ್ಟೇಷನ್ನಿಗೆ ಹೋಗುತ್ತಿದ್ದರು. ನಿದ್ದಿ ಡಾಕ್ಟರರ ಬಳಿಗೆ ಮುಂದೆ ಇನ್ನೂ ಕೆಲವರು ಹೋದರು. ಮರಾಠಿ ಬಾರದ ಇಬ್ಬರ ಜೊತೆಗೆ ಮಾವಶಿ ನನ್ನನ್ನೇ ಕಳಿಸಿದರು. ಎಲ್ಲರನ್ನೂ ಉಳಿಸಿಕೊಂಡೆವೆಂದು ಹೇಳಲಾರೆ. ಒಬ್ಬ ಗೌಂಡಿಯ ವಿಷಯದಲ್ಲಿ... ಅದನ್ನು ಬರೆಯಲು ನನ್ನಿಂದ ಆಗದು. ಆ ವಾರ ಮಾವಶಿ ಒಲೆ ಹೊತ್ತಿಸಲಿಲ್ಲ. ಮುಂದಿನ ವಾರ ಹೊತ್ತಿಸಿದರು.

ಮದುವೆಯಾಗಿ ಘಾಟ್ಕೋಪರಿಗೆ ಮನೆ ಬದಲಾಯಿಸುವ ಮುನ್ನ, ನಾನು ಮಾವಶಿಯನ್ನು ಒಂದು ಮಾತು ಕೇಳಿದೆ. ಅಂದು ಚಾಚಾ ಅವರನ್ನು ದಾದರಿಗೆ ಕಳಿಸುವಾಗ ನಿಮಗೆ ಅನುಮಾನ ಬಂದಿತ್ತೇ ಎಂದು.

"ಅನುಮಾನ ಎಲ್ಲೀದಪಾ?" ಎಂದರು. "ರೊಟ್ಟಿ ಇಲ್ದ ಹೆಂಗ ಕಳಸೂದು?"

ಚಾಚಾ ಕೆಲವು ವರ್ಷಗಳ ನಂತರ ಕಣ್ಣು ಮಂಜಾಗಿ ಊರಿಗೆ ಮರಳಿದರು. ನಾನು ಗಾಡಿ ಹತ್ತಿಸಿ ಬಂದೆ. ಒಂದೆರಡು ಸಲ ಅವರ ಮಗನಿಂದ ಕಾಗದ ಬಂತು, ಆಮೇಲೆ ಬರಲಿಲ್ಲ. ಮಾವಶಿಯನ್ನು ಹಬ್ಬಹುಣ್ಣಿಮೆಗೆ ಹೋಗಿ ಕಂಡುಬರುತ್ತಿದ್ದೆ. ಬರಬರುತ್ತ ಬಡ್ತಿ, ಮಕ್ಕಳ ಶಾಲೆ, ಲೋಕಲ್ ಗಾಡಿಯ ಓಡಾಟ... ಹೋಗುವುದು ಕಡಿಮೆಯಾಯಿತು. ಒಮ್ಮೆ ಹೋದಾಗ ಕೆಳಮಹಡಿಯಲ್ಲಿ ಬೇರೆಯವರ ಸಂಸಾರವಿತ್ತು. ಮಾವಶಿ ತೀರಿಕೊಂಡು ಬಹಳ ದಿನವಾಯಿತು, ಮಳೆಗಾಲಕ್ಕೆ ಮೊದಲೋ ಆಮೇಲೋ ಸರಿಯಾಗಿ ತಿಳಿಯದು ಎಂದು ಅವರು ಹೇಳಿದರು.

ಆದ್ದರಿಂದ ಮಾವಶಿ ಹೋದ ದಿನ ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಹುಶಃ ಅಂದು ನಾನು ಎಂದಿನಂತೆ ಕಚೇರಿಗೆ ಹೋಗಿ ಬಂದಿರಬೇಕು, ಮಕ್ಕಳ ಪಾಠ ನೋಡಿರಬೇಕು, ಹೆಂಡತಿಯೊಡನೆ ಯಾವುದೋ ಸಣ್ಣ ವಿಷಯಕ್ಕೆ ವಾದ ಮಾಡಿ ಮಲಗಿ ನಿದ್ದೆ ಮಾಡಿರಬೇಕು. ಅವರು ನನಗೆ ಉಳಿಸಿಕೊಟ್ಟ ದಿನಗಳಲ್ಲಿ ಅದೂ ಒಂದು.