ಡಾಕ್ಟರಿಗೆ ಹೂಮಳೆ ತೋರಿಸಿದ ಅಪ್ಪ

ಕೊರೊನಾ ಗಲಾಟೆ ಮುಗಿದು ಬಸ್ಸುಗಳು ಮೊದಲಿನಂತೆ ಓಡಾಡತೊಡಗಿದ ವರ್ಷ. ನಮ್ಮಪ್ಪನಿಗೆ ಆಗ ಅರವತ್ತೊಂದು. ಮಲ್ಲಂದೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ಮೇಸ್ತ್ರಿ. ಆಳುಗಳನ್ನೆಲ್ಲ ಹೆಸರು ಹಿಡಿದು ಕೂಗಿ ಕೆಲಸಕ್ಕೆ ಹಚ್ಚುತ್ತಿದ್ದ ಮನುಷ್ಯ. ಅವರ ಗಂಟಲು ಆಚೆ ಗುಡ್ಡಕ್ಕೂ ಕೇಳುತ್ತಿತ್ತು. ಅದು ನನಗೂ ಬಂದಿದೆ. ಮೂಡಿಗೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅಲ್ಲಿಗೆ ಬರುವವರನ್ನು ಕೇಳಿದರೆ ಹೇಳುತ್ತಾರೆ.

ಅಂಥ ಅಪ್ಪನ ಬಾಯಿಂದ ಪದಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಮೊದಲು ಕತ್ತಿ ಹೋಯಿತು, ಆಮೇಲೆ ಏಣಿ, ಆಮೇಲೆ ಕಂಬಳಿ. ಎಲ್ಲದಕ್ಕೂ ‘ಅದು’. “ಅದು ತಗೊಂಡು ಅದ್ರ ಮೇಲೆ ಹತ್ತಿ ಅದು ಕಡಿ” ಎಂದರೆ ಆಳುಗಳಾದರೂ ಏನು ಮಾಡಬೇಕು? ಬೆನ್ನ ಹಿಂದೆ ನಕ್ಕರು. ಕೆಲವರು ಕುಡಿತ ಎಂದರು. ಅಪ್ಪ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಂತೂ ಸಿದ್ಧವಾಗಿಯೇ ಇತ್ತಲ್ಲ, ಊರಿಗೆ ಊರೇ ಅದನ್ನು ಅಪ್ಪನಿಗೆ ಅಂಟಿಸಿತು. ಅವರೆದುರೇ ಅವರ ಬಗ್ಗೆ, ಅವರು ಅಲ್ಲಿಲ್ಲವೇನೋ ಎಂಬಂತೆ ಮಾತಾಡತೊಡಗಿದರು.

ನನಗೆ ಅದೇ ಸಿಟ್ಟು. ಅಪ್ಪ ದಾರಿ ಮರೆತಿರಲಿಲ್ಲ, ಮುಖ ಮರೆತಿರಲಿಲ್ಲ. ಯಾವ ಕಾಫಿ ಗಿಡದ ಕಾಂಡಕ್ಕೆ ಹುಳ ಹತ್ತಿದೆ ಎಂದು ದೂರದಿಂದಲೇ ಬೆರಳು ಮಾಡಿ ತೋರಿಸುತ್ತಿದ್ದರು. ಹೋದದ್ದು ಮಾತು ಮಾತ್ರ.

ಚಿಕ್ಕಮಗಳೂರಿನಲ್ಲಿ ತೋರಿಸಿ, ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಬಯಲುಸೀಮೆಯವರು, ಒಳ್ಳೆಯ ಮನುಷ್ಯ. “ಇದು ಎಲ್ಲರೂ ಹೇಳೋ ಮರೆವಿನ ಕಾಯಿಲೆ ಅಲ್ಲಮ್ಮ, ಅದರ ದಾಯಾದಿ. ಇಂಥವು ಇನ್ನೂ ಇವೆ. ಹೊರಗಿಂದ ನೋಡಿದರೆ ಒಂದರ ಹಾಗೆ ಇನ್ನೊಂದು ಕಾಣುತ್ತೆ” ಎಂದರು. ವಾಸಿಮಾಡುವ ಔಷಧಿ ಇಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಮೂರನೇ ಸಲ ಹೋದಾಗ ಅವರು ಅಪ್ಪನ ಕಡೆಗೇ ಕುರ್ಚಿ ತಿರುಗಿಸಿ ಕೂತು ಒಂದು ವಿಷಯ ಎತ್ತಿದರು.

“ಒಬ್ಬ ಮನುಷ್ಯನ ಮೈಯ ಜೀವಕೋಶಗಳಲ್ಲೆಲ್ಲ ಇರೋದು ಹೆಚ್ಚುಕಮ್ಮಿ ಅದೇ ಜೀನ್‌ಗಳು. ಆದರೆ ಎಲ್ಲ ಜೀನೂ ಎಲ್ಲ ಕಡೆ ಕೆಲಸ ಮಾಡಲ್ಲ. ಕೆಲವು ಎದ್ದಿರುತ್ತವೆ, ಕೆಲವು ಮಲಗಿರುತ್ತವೆ. ಈ ದಾಯಾದಿ ಕಾಯಿಲೆಗಳಲ್ಲಿ ಮಿದುಳಿನ ಯಾವ ಜಾಗದಲ್ಲಿ ಯಾವುದು ಎದ್ದಿದೆ, ಯಾವುದು ಮಲಗಿದೆ ಅಂತ ಹೋಲಿಸಿ ನೋಡ್ತಿದೀವಿ. ಅದಕ್ಕೆ ಮಿದುಳೇ ಬೇಕು. ತೀರಿಕೊಂಡ ಮೇಲೆ ಕೊಡೋದಕ್ಕೆ ನಿಮಗೆ ಒಪ್ಪಿಗೆ ಇದೆಯಾ? ನಿಮಗೆ ಇದರಿಂದ ಏನೂ ಲಾಭ ಇಲ್ಲ.”

ಅಮ್ಮ ಎದ್ದೇಬಿಟ್ಟಳು. “ಎಂಥ ಮಾತು ಅಂತ ಆಡ್ತೀರಿ ಡಾಕ್ಟ್ರೆ! ತಲೆ ಖಾಲಿ ಮಾಡಿ ಕಳ್ಸಿದ್ರೆ ಮುಂದಿನ ಜನ್ಮದಲ್ಲಿ ಇವ್ರು ಎಂಥದ್ರಲ್ಲಿ ಯೋಚ್ನೆ ಮಾಡೋದು?”

ಅಪ್ಪ ಮೇಜು ಕುಟ್ಟಿದರು. “ಕೊಡ್ತೀನಿ.”

“ಸಂತೋಷ. ಆದರೆ ನಾನು ಹೇಳಿದ್ದು ನಿಮಗೆ ಅರ್ಥ ಆಗಿದೆ ಅಂತ ನನಗೆ ಖಾತ್ರಿ ಆಗಬೇಕು. ಇಲ್ಲದಿದ್ದರೆ ನಿಮ್ಮ ಸಹಿ ತಗೊಳ್ಳೋ ಹಾಗಿಲ್ಲ. ನಿಮ್ಮ ಮಾತಲ್ಲೇ ಹೇಳಿ.”

ಮಾತೇ ಇಲ್ಲದವರಿಗೆ ನಿಮ್ಮ ಮಾತಲ್ಲಿ ಹೇಳಿ ಎಂದರೆ! ಅಪ್ಪನ ಹಣೆ ಬೆವರಿತು. “ಅದು... ಅದ್ರೊಳಗೆ ಅದು...” ಎಂದು ತಡಕಾಡಿದರು. ನನಗೆ ನೋಡಲಾಗಲಿಲ್ಲ. ಅಷ್ಟರಲ್ಲಿ ಅವರ ಮುಖ ಅರಳಿತು. “ಹೂಮಳೆ!” ಎಂದರು.

ಡಾಕ್ಟರ ಪೆನ್ನು ನಿಂತಿತು. “ಹೂಮಳೆ? ದೇವರ ಮೇಲೆ ಹೂವು ಸುರೀತಾರಲ್ಲ, ಅದಾ?” ಅಪ್ಪ ಜೋರಾಗಿ ತಲೆಯಾಡಿಸಿ ಅಲ್ಲ ಎಂದರು. ಡಾಕ್ಟರು ನನ್ನತ್ತ ಬಾಗಿ, “ಸ್ವರ್ಗಗಿರ್ಗ ಅಂತ ಏನೋ ಅಂದ್ಕೊಂಡಿರಬೇಕು. ಅರ್ಥ ಆಗಿಲ್ಲ ಅಂತ ಬರ್ಕೊಳ್ತೀನಮ್ಮ, ಬೇಜಾರು ಮಾಡ್ಕೋಬೇಡಿ” ಎಂದರು.

ನನ್ನ ಪಿತ್ತ ನೆತ್ತಿಗೇರಿತು. “ಸಾರ್, ನಮ್ಮ ಕಡೆ ಹೂಮಳೆ ಅಂದ್ರೆ ಆಕಾಶದಿಂದ ಹೂ ಬೀಳೋದಲ್ಲ. ಕಾಫಿ ಹೂ ಅರಳ್ಸೋ ಮಳೆ! ಗಿಡದ ತುಂಬ ಮೊಗ್ಗು ಕಾಯ್ತಾ ಕೂತಿರ್ತದೆ, ಆ ಒಂದು ಮಳೆ ಬಿದ್ರೆ...”

“ನೀವು ಹೇಳಬಾರದಮ್ಮ. ಅವರೇ ಹೇಳಬೇಕು.”

ಅವರು ಹೇಳಿದ್ದು ಸರಿಯೇ. ಆದರೆ ಆ ಕ್ಷಣ ಅವರನ್ನು ಸೂಜಿಯಿಂದ ಚುಚ್ಚಬೇಕು ಅನಿಸಿತ್ತು.

ಅಪ್ಪ ಸುಮ್ಮನೆ ಅವರ ಪೆನ್ನು ತೆಗೆದುಕೊಂಡರು. ಅಲ್ಲೇ ಇದ್ದ ಕಾಗದದ ಹಿಂಬದಿಯಲ್ಲಿ ಒಂದು ರೆಂಬೆ ಬರೆದು, ಗಿಣ್ಣು ಗಿಣ್ಣಿಗೂ ಮೊಗ್ಗಿನ ಗೊಂಚಲು ಬರೆದರು. ಅರ್ಧದಷ್ಟಕ್ಕೆ ಎಸಳು ಬಿಡಿಸಿದರು. ಉಳಿದವನ್ನು ಮೊಗ್ಗಾಗಿಯೇ ಬಿಟ್ಟರು. ರೆಂಬೆಯ ಉದ್ದಕ್ಕೂ ಬೆರಳೆಳೆದು “ಒಂದೇ ಗಿಡ” ಎಂದರು. ಹೂವಿನ ಮೇಲೆ ಬೆರಳಿಟ್ಟು “ಮಳೆ ಬಿತ್ತು”, ಮೊಗ್ಗಿನ ಮೇಲೆ ಇಟ್ಟು “ಬೀಳ್ಲಿಲ್ಲ”. ಆ ಬೆರಳನ್ನು ಹಾಗೇ ತಂದು ತಮ್ಮ ಕಣತಲೆಗೆ ಒತ್ತಿದರು. ಆಮೇಲೆ ಕುತ್ತಿಗೆ ವಾಲಿಸಿ, ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಹಾಕಿ ಸತ್ತವರಂತೆ ನಟಿಸಿದರು. ಒಂದೇ ಕಣ್ಣು ಬಿಟ್ಟು, ಡಾಕ್ಟರ ಕೈಯನ್ನು ಎಳೆದು ತಮ್ಮ ತಲೆಯ ಮೇಲಿಟ್ಟು, “ಆಮೇಲೆ ನೋಡಿ” ಎಂದರು.

ನನಗೆ ನಗುವೂ ಬಂತು, ಅಳುವೂ ಬಂತು.

ಡಾಕ್ಟರು ಆ ಚಿತ್ರವನ್ನು ತಮ್ಮತ್ತ ಎಳೆದುಕೊಂಡರು. “ಯಾಕೆ ಕೊಡಬೇಕು ಅನಿಸ್ತು ನಿಮಗೆ?” ಎಂದು ಮೆಲ್ಲಗೆ ಕೇಳಿದರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ನಮ್ಮ ಅಜ್ಜನೂ, ಅಂದರೆ ಅಪ್ಪನ ಅಪ್ಪನೂ, ಮಾತು ಕಳೆದುಕೊಂಡೇ ಸತ್ತದ್ದು. ಆಗ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆದಿದ್ದರಂತೆ. ಅಪ್ಪ ಅದನ್ನು ಯಾವತ್ತೂ ನಮ್ಮೊಂದಿಗೆ ಆಡಿರಲಿಲ್ಲ, ಆದರೆ ಮರೆತಿರಲೂ ಇಲ್ಲ.

ಡಾಕ್ಟರು ಎದ್ದು ನಿಂತರು. “ತಪ್ಪಾಯ್ತು ಮೇಸ್ತ್ರಿಯವ್ರೆ. ಎಷ್ಟೋ ವರ್ಷದಿಂದ ಇದನ್ನ ಜನರಿಗೆ ವಿವರಿಸ್ತಾ ಇದೀನಿ. ನಿಮ್ಮಷ್ಟು ಚೆನ್ನಾಗಿ ನನಗೆ ಹೇಳೋಕೆ ಬಂದಿಲ್ಲ” ಎಂದು ಫಾರಂ ಮುಂದಿಟ್ಟರು. ಅಪ್ಪ ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿದರು. ಆಸ್ಪತ್ರೆಯ ಆ ಉದ್ದದ ದಾರಿಯಲ್ಲಿ ಆ ದಿನ ಅವರು ನಮಗಿಂತ ಮುಂದೆ, ಕೈ ಹಿಂದೆ ಕಟ್ಟಿಕೊಂಡು ನಡೆದರು. ಬಹಳ ದಿನದ ಮೇಲೆ ಯಾರೋ ಅವರ ಮಾತಿಗೆ ಬೆಲೆ ಕೊಟ್ಟಿದ್ದರು.

ಎರಡು ವರ್ಷ ಕಳೆದು ಅಪ್ಪ ಪೂರ್ತಿ ಮೂಕರಾದರು. ನ್ಯುಮೋನಿಯಾ ಆಗಿ ಅದೇ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ತೀರಿಕೊಂಡರು. ಮಿದುಳು ತೆಗೆಯಲು ಮನೆಯವರ ಒಪ್ಪಿಗೆಯೂ ಬೇಕು, ಅದೂ ಬೇಗ ಬೇಕು ಎಂದು ಆಸ್ಪತ್ರೆಯವರು ಹೇಳಿದರು. ನಾನು ಹೆದರುತ್ತಾ ಅಮ್ಮನ ಮುಖ ನೋಡಿದೆ. ಅಮ್ಮ ಕಣ್ಣೊರೆಸಿಕೊಂಡು, “ಅವ್ರೇ ತಿಳ್ದು ಕೊಟ್ಟಿದ್ದು. ಬ್ಯಾಡ ಅನ್ನೋಕೆ ನಾನ್ಯಾರು?” ಎಂದು ಹೆಬ್ಬೆಟ್ಟು ಒತ್ತಿದಳು. ಮಧ್ಯಾಹ್ನ ಅಪ್ಪನನ್ನು ನಮ್ಮ ಕೈಗೆ ಕೊಟ್ಟಾಗ ಮುಖ ಇದ್ದ ಹಾಗೇ ಇತ್ತು.

ಹನ್ನೊಂದನೇ ದಿನದ ಊಟಕ್ಕೆ ಕೂತಾಗ ದೂರದ ನೆಂಟರೊಬ್ಬರು ಎಲ್ಲರಿಗೂ ಕೇಳುವಂತೆ, “ಅಲ್ಲ ಮಾರಾಯ್ತಿ, ಕೆಟ್ಟುಹೋದ ತಲೆ ಇಟ್ಕೊಂಡು ಆ ಡಾಕ್ಟ್ರಿಗೆ ಎಂಥ ಆಗ್ಬೇಕಂತೆ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಾಯಸದ ಸೌಟು ಹಿಡಿದಿದ್ದ ಅಮ್ಮ ಅವರ ಎಲೆಯ ಮುಂದೆ ನಿಂತಳು. “ಬೆಂಗ್ಳೂರಲ್ಲಿ ಅವ್ರು ಕೆಲ್ಸದ ಮೇಲಿದಾರೆ ಅಣ್ಣ. ಹಾಕ್ಲಾ ಇನ್ನೊಂಚೂರು?” ಎಂದಳು. ಅವರು ತಲೆ ಎತ್ತದೆ ಪಾಯಸ ಉಂಡರು.

ಅಪ್ಪನ ಮಿದುಳಿನಲ್ಲಿ ಏನು ಸಿಕ್ಕಿತೋ ನಮಗೆ ಗೊತ್ತಿಲ್ಲ. ವರ್ಷಗಳೇ ಹಿಡಿಯುತ್ತವೆ ಎಂದಿದ್ದಾರೆ. ನನಗೀಗ ನಲವತ್ತೆರಡು. ಬಟ್ಟೆ ಕತ್ತರಿಸುವಾಗ ಯಾವುದಾದರೂ ಪದ ಒಂದು ಗಳಿಗೆ ನಾಲಿಗೆಗೆ ಬಾರದಿದ್ದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅಲ್ಲಿ ನಮ್ಮಪ್ಪ ನನಗೋಸ್ಕರ ಕೆಲಸದ ಮೇಲಿದ್ದಾರೆ ಎಂದು ನೆನೆದರೆ, ಹೆದರಿಕೆಗಿಂತ ಹೆಮ್ಮೆಯೇ ಮೇಲಾಗುತ್ತದೆ.