ಮೊಳೆಯದ ಅಶ್ವಗಂಧ

ಎಂಬತ್ತರ ದಶಕದ ಒಂದು ಬರದ ವರ್ಷ. ನಾನು ಅಫಜಲಪುರದ ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆಯ ಟೀಚರಾಗಿದ್ದೆ. ನನ್ನ ಅವ್ವನ ತಂಗಿ ಚಿಗವ್ವನ ಮನೆಯಲ್ಲೇ ಇದ್ದೆ. ಚಿಗವ್ವ ಬಾಣಂತಿಯರಿಗೆ ಬೇರಿನ ಮದ್ದು ಕೊಡುತ್ತಿದ್ದಳು. ಅದಕ್ಕೇ ತಾಲೂಕು ಕಚೇರಿಯ ಸಾಹೇಬರು ಅಶ್ವಗಂಧದ ಬೀಜದ ಪೊಟ್ಟಣಗಳನ್ನು ಅವಳ ಕೈಗಿಟ್ಟು, ಓಣಿಯ ಹೆಂಗಸರಿಂದ ಬಿತ್ತಿಸು ಎಂದು ಹೇಳಿಹೋಗಿದ್ದರು.

ಒಂದೂ ಮೊಳೆಯಲಿಲ್ಲ. ತಿಂಗಳ ನಂತರ ಬಂದ ಸಾಹೇಬರು ಬರಿಯ ಮಡಿಗಳನ್ನು ನೋಡಿ, "ಬೀಜ ಹುರಕೊಂಡು ತಿಂದ್ರೇನ್ ಬೇ?" ಎಂದು ಎಲ್ಲರೆದುರು ನಕ್ಕರು. ವರದಿಯಲ್ಲಿ 'ಹೆಂಗಸರ ನಿರ್ಲಕ್ಷ್ಯ' ಎಂದು ಬರೆದರು. ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ನನ್ನ ಮೈ ಉರಿದುಹೋಯಿತು.

ಮಳೆ ಕೈಕೊಟ್ಟು ಬಾವಿಯ ನೀರು ತಳ ಕಂಡಿತ್ತು. ಬಾಯಿಗಿಟ್ಟರೆ ಉಪ್ಪುಪ್ಪು, ಪೂರ್ತಿ ಸವಳು. ಹೆಂಗಸರು ಮಡಿಗಳಿಗೆ ಹೊಯ್ದದ್ದು ಅದೇ ನೀರು. ಉಳಿದಿದ್ದ ಬೀಜ ತಂದು ಮೂರು ತಾಟಿನಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿದೆ. ಒಂದಕ್ಕೆ ದಿನಾ ಹೊಳೆಯ ನೀರು, ಒಂದಕ್ಕೆ ದಿನಾ ಬಾವಿಯ ನೀರು, ಇನ್ನೊಂದಕ್ಕೆ ಹೊಳೆಯ ನೀರೇ, ಆದರೆ ನಿರ್ಲಕ್ಷ್ಯ ಮಾಡಿದವರಂತೆ ಮೂರು ದಿನಕ್ಕೊಮ್ಮೆ ಮಾತ್ರ. ಎರಡು ವಾರದಲ್ಲಿ ಮೊದಲ ತಾಟು ಹಸಿರಾಯಿತು. ನೀರು ಕಡಿಮೆಯಾದದ್ದರಲ್ಲಿ ನಾಲ್ಕೈದು ಮೊಳಕೆ ಸೊಟ್ಟಗೆ ಎದ್ದು ಒಣಗಿದವು. ಬಾವಿ ನೀರಿನ ಬೀಜಗಳು ಇಟ್ಟಂತೆಯೇ ಬಿದ್ದಿದ್ದವು, ಬಟ್ಟೆಯಂಚಿಗೆ ಬಿಳಿ ಉಪ್ಪು ಕಟ್ಟಿತ್ತು.

ತಾಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಚೇರಿಗೆ ಹೋದೆ.

"ಟೀಚರಬಾಯಿ, ಅದೇ ನೀರಿಗೆ ಜ್ವಾಳ ಬರ್ತದಲ್ಲ?" ಎಂದರು ಸಾಹೇಬರು.

"ಜ್ವಾಳ ಮಳಿ ಹಸಿಗೆ ಮೊಳೀತದ, ಬೆಳದ ಗಿಡ ಸವಳು ತಡಕೊಂತದ್ರಿ. ಮೊಳಕಿ ತಡಕೊಳ್ಳಂಗಿಲ್ಲ. ನೀರು ನೋಡಿ ಬೀಜ ಕೊಡಬೇಕಿತ್ತು ನೀವು."

"ಅಡಗಿಮನಿ ತಾಟು ತಂದು ನನಗ ಕಲಿಸಾಕತ್ತೀರೇನು? ಬರದದ್ದು ಬರದಾಯ್ತು, ನಡೀರಿ."

ಮುಂದಿನ ಮುಂಗಾರು ಬಂದ ಮೇಲೆ ಚಿಗವ್ವ ಮಿಕ್ಕ ಬೀಜಕ್ಕೆ ನನ್ನ ಮೊದಲ ತಾಟಿನಂತೆಯೇ ಮಾಡಿದಳು. ಕುಡಿಯಲು ಹೊತ್ತು ತಂದ ಹೊಳೆಯ ನೀರಿನಲ್ಲೇ ಪಾಲು ತೆಗೆದು, ಒಡಕು ಮಡಕೆಗಳಲ್ಲಿ ಸಸಿ ಎಬ್ಬಿಸಿ ಹಿತ್ತಲಲ್ಲಿ ನಟ್ಟಳು. ಗಿಡ ಮೊಳಕಾಲುದ್ದ ಬೆಳೆದವು. ಆಗ ಅದೇ ಸಾಹೇಬರು ಫೋಟೋದವನನ್ನು ಕರೆತಂದು, ಗಿಡಗಳ ನಡುವೆ ತಾವೊಬ್ಬರೇ ನಿಂತು ಫೋಟೋ ತೆಗೆಸಿಕೊಂಡರು.

"ಚಿಗವ್ವನ್ನ ಕರೀರಿ, ಬೆಳಸಿದಾಕಿ ಆಕಿ," ಎಂದು ಕೂಗಿದೆ. ಅವರು ಕೇಳಿಸದವರಂತೆ ಜೀಪು ಹತ್ತಿದರು.

ಹೋಗುವ ಮೊದಲು ಅವರಿಗೆ ಚಿಗವ್ವ ಚಹಾ ಕೊಟ್ಟಿದ್ದಳು. ಆ ಸಿಟ್ಟಿಗೆ ಎರಡು ದಿನ ಅವಳೊಡನೆಯೂ ಮಾತು ಬಿಟ್ಟೆ.