ಅಂಗಳದಲ್ಲಿ ಬಾಕಿಯಿದ್ದ ಬರ್ಮಾ

ನನ್ನ ಮಟ್ಟಿಗೆ ಈಜಿಪ್ಟು ಇರುವುದು ಬಾವಿಕಟ್ಟೆಯ ಪಕ್ಕದಲ್ಲಿ. ಈಗಲೂ ಯಾರಾದರೂ ಆ ಹೆಸರೆತ್ತಿದರೆ ನನಗೆ ಮೊದಲು ರಾಟೆಯ ಸದ್ದು ಕೇಳಿಸುತ್ತದೆ, ಮರಳುಗಾಡು ಕಾಣುವುದು ಆಮೇಲೆ. ಗ್ರೀಸು ದನದ ಹಟ್ಟಿಯ ಬಾಗಿಲಲ್ಲಿ, ಚೀನಾ ಬೈಹುಲ್ಲಿನ ರಾಶಿಯ ಬುಡದಲ್ಲಿ. ಅಮೆರಿಕಕ್ಕೆ ಅಂಗಳದಲ್ಲಿ ಜಾಗ ಸಾಲದೆ ಅದು ಬೇಲಿ ದಾಟಿ ಓಣಿಯಲ್ಲಿತ್ತು. ನಮ್ಮ ಊರು ಮಂಗಲ್ಪಾಡಿಯ ದನಗಳೆಲ್ಲ ಅದನ್ನು ತುಳಿದುಕೊಂಡೇ ಮೇಯಲು ಹೋಗುತ್ತಿದ್ದವು.

ಇದಕ್ಕೆಲ್ಲ ಕಾರಣ ಮಾವನ ಕೋಪ. ನಮ್ಮದು ತುಳು ಮಾತಾಡುವ ಮನೆ, ಅಳಿಯಸಂತಾನದ ಕಟ್ಟು. ಅಮ್ಮ ಮದುವೆಯಾದ ಮೇಲೂ ತವರಿನಲ್ಲೇ ಇದ್ದಳು. ಅವಳ ಅಣ್ಣನೇ ಯಜಮಾನ. ಆ ಮಾವ ಊರಿನ ಶಾಲೆಯಲ್ಲಿ ಮಾಸ್ತರರಾಗಿದ್ದರು. ಚರಿತ್ರೆಯ ಹೊತ್ತಿನಲ್ಲಿ ಭೂಗೋಳ ಕಲಿಸುತ್ತಾರೆ, ಭೂಗೋಳದ ಹೊತ್ತಿನಲ್ಲಿ ರಾಜರ ಕಥೆ ಹೇಳುತ್ತಾರೆ ಎಂದು ಶಾಲೆಯ ಮೆನೇಜರರು ತಕರಾರು ತೆಗೆದರು. "ರಾಜ ಎಲ್ಲಿ ನಿಂತು ಯುದ್ಧ ಮಾಡಿದ ಅಂತ ತೋರಿಸದೆ ಯುದ್ಧದ ಪಾಠ ಮಾಡುವುದು ಹೇಗೆ ಮಾರಾಯ್ರೆ" ಎಂದು ಕೇಳಿ, ಮಾವ ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಹೊರಡುವಾಗ ಅದೇ ಶಾಲೆಯಲ್ಲಿದ್ದ ನನ್ನನ್ನೂ ತಮ್ಮನನ್ನೂ ಕೈಹಿಡಿದು ಎಬ್ಬಿಸಿಕೊಂಡು ಬಂದರು. ನಮ್ಮ ಮನೆಯವರಿಗೆಲ್ಲ ಕೋಪ ಮೂಗಿನ ತುದಿಯಲ್ಲೇ. ನನಗೂ ಬಂದಿದೆ, ಅದಕ್ಕೆ ನಾನು ಮಾವನನ್ನು ದೂರುವುದಿಲ್ಲ.

ದೀಪಾವಳಿಯ ಹೊತ್ತಿಗೆ ಮಳೆಗಾಲದ ಹುಲ್ಲು ಕೆತ್ತಿ, ಅಂಗಳ ಸಮ ಮಾಡಿ ಬಡಿದು, ಸೆಗಣಿಗೆ ಮಸಿ ಬೆರೆಸಿ ಸಾರಿಸುವುದು ನಮ್ಮ ಕಡೆಯ ಕ್ರಮ. ಒಣಗಿದ ಮೇಲೆ ಅಂಗಳವೆಲ್ಲ ಒಂದೇ ದೊಡ್ಡ ಸ್ಲೇಟು. ಆ ವರ್ಷ ಅಂಗಳ ಒಣಗಿದ ಸಂಜೆ ಮಾವ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು, ಬೆರಳು ಮಡಚುತ್ತಾ ನಮ್ಮ ಇಡೀ ವರ್ಷದ ಪಾಠ ನಿಶ್ಚಯಿಸಿದರು. ನಡುವಿನ ತುಳಸಿಕಟ್ಟೆ ನಮ್ಮ ಊರು. ಅಲ್ಲಿಂದ ಯಾವ ದಿಕ್ಕಿಗೆ ಯಾವ ದೇಶವೋ ಆ ದಿಕ್ಕಿಗೇ ಅದನ್ನು ಸುಣ್ಣದಲ್ಲಿ ಬರೆಯುವುದು, ಒಂದೊಂದು ತಿಂಗಳು ಒಂದೊಂದು ದೇಶದಲ್ಲಿ ಇರುವುದು. ಮಕರ ತಿಂಗಳಲ್ಲಿ ಸುಗ್ಗಿಯ ಪೈರು ಬಡಿಯಲು ಅಂಗಳ ಬೇಕು, ಆಗ ನಾವು ಸಮುದ್ರದಲ್ಲಿ ಇರುವುದು, ಅಂದರೆ ಜಗಲಿಯಲ್ಲಿ ಕೂತು ಹಡಗುಗಳ ಪಾಠ. ಮಳೆಗೆ ಮೊದಲು, ಎಲ್ಲಕ್ಕಿಂತ ಕೊನೆಗೆ, ಬರ್ಮಾ.

"ಕೊನೆಗೆ ಯಾಕೆ?" ಎಂದು ಕೇಳಿದವಳು ನಾನು.

"ಅದು ನನ್ನ ಪಾಠ ಅಲ್ಲ. ಬೇಸಗೆಯಲ್ಲಿ ನಿನ್ನ ಅಪ್ಪ ರಜೆಯಲ್ಲಿ ಬರುವುದುಂಟಲ್ಲ, ಅವರೇ ಮಾಡಲಿ" ಎಂದರು ಮಾವ.

ಅಪ್ಪ ರಂಗೂನಿನ ಅಕ್ಕಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ರೈಟರು. ಹಿಂದಿನ ಸಲ ಅವರು ಬಂದಾಗ ನನಗೆ ಆರು ವರ್ಷ. ಮುಖ ಮರೆತಿತ್ತು. ಅವರ ಪೆಟ್ಟಿಗೆಯ ವಾಸನೆ ಮಾತ್ರ ನೆನಪಿತ್ತು: ಕರ್ಪೂರ, ಹೊಗೆಸೊಪ್ಪು, ಮತ್ತೆ ಯಾವುದೋ ಹೆಸರು ಗೊತ್ತಿಲ್ಲದ ಮರ. ತುಳಸಿಕಟ್ಟೆಗೂ ಹುಲ್ಲಿನ ರಾಶಿಗೂ ನಡುವೆ ಬರ್ಮಾದ ಜಾಗ ಖಾಲಿ ಬಿಟ್ಟಿದ್ದರು. ಸಂಜೆ ಹೊತ್ತು ನಾನು ಅಲ್ಲೇ ಅಂಗಾತ ಮಲಗುತ್ತಿದ್ದೆ. ನೆಲ ಇನ್ನೂ ಬೆಚ್ಚಗಿರುತ್ತಿತ್ತು. ಪಡುವಣದಲ್ಲಿ ಸಮುದ್ರದ ಸದ್ದು, ಕಣ್ಣು ಮುಚ್ಚಿದರೆ ಅದು ಮೂಡಣದಲ್ಲೂ ಕೇಳುತ್ತಿತ್ತು. ಅಪ್ಪ ಮಿಲ್ಲಿನ ಬಾಗಿಲು ಹಾಕಿ ನನ್ನ ಬೆನ್ನಿನ ಕೆಳಗೆಲ್ಲೋ ನಡೆದು ಹೋಗುತ್ತಿದ್ದಾರೆ ಎನಿಸುತ್ತಿತ್ತು. ಅಮ್ಮ ಎರಡು ಸಲ ಕರೆದ ಮೇಲೇ ನಾನು ಏಳುತ್ತಿದ್ದದ್ದು.

ವಾರಕ್ಕೊಮ್ಮೆ ಅಂಗಳ ಸಾರಿಸುವವಳು ಅಮ್ಮ. ಅಕ್ಷರ ಬಾರದಿದ್ದರೂ ಒಂದು ಗೆರೆಯನ್ನೂ ಅಳಿಸದೆ ದೇಶಗಳ ಸುತ್ತ ಕೈಯಾಡಿಸುತ್ತಿದ್ದಳು. ಪೈರು ಬಡಿಯಲು ಬಂದ ಹೆಂಗಸರಿಗೆ ಆ ತಾಳ್ಮೆ ಎಲ್ಲಿಂದ? ಅವರ ಧೂಳಿನಡಿ ಅರ್ಧ ಯುರೋಪು ಹೋಯಿತು. ಮಾವ ಒಬ್ಬೊಬ್ಬರನ್ನೂ ಬೈದು, ಅದನ್ನು ಮತ್ತೆ ಬರೆದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬರ್ಮಾಕ್ಕೆ ಬಂದಿತ್ತು. ರಂಗೂನಿನ ಮೇಲೆ ಬಾಂಬು ಬಿತ್ತಂತೆ ಎಂದು ಮಾವ ಉಪ್ಪಳದ ಅಂಗಡಿಯಲ್ಲಿ ಪೇಪರು ನೋಡಿ ಬಂದು ಅಮ್ಮನಿಗೆ ಮೆಲ್ಲಗೆ ಹೇಳಿದರು. ಅಪ್ಪನ ಕಾಗದ ನಿಂತಿತು. ನಮ್ಮ ಪಾಠ ನಿಲ್ಲಲಿಲ್ಲ, ಆದರೆ ನಿಧಾನವಾಯಿತು. ಈಜಿಪ್ಟನ್ನು ಓಡಿಸಿಕೊಂಡು ಮುಗಿಸಿದ್ದ ಮಾವ ಈಗ ಚೀನಾದ ಗೋಡೆಯನ್ನು ಒಂದೊಂದೇ ಕಲ್ಲಿಟ್ಟು ಕಟ್ಟಿಸುತ್ತಿದ್ದರು. ರೇಷ್ಮೆ ಹುಳಕ್ಕೆ ಒಂದು ವಾರ, ಕಾಗದ ಮಾಡುವುದಕ್ಕೆ ಇನ್ನೊಂದು. ಚೀನಾ ಆದ ಮೇಲೆ ಬರ್ಮಾವೇ ಎಂದು ನನಗೆ ಗೊತ್ತಿತ್ತು. ಬರ್ಮಾದ ಪಾಠ ಬಂದರೆ ಅಪ್ಪನೂ ಬರುತ್ತಾರೆ ಎಂಬುದು ನನ್ನ ಲೆಕ್ಕ.

"ಮಾವ, ಮುಂದೆ ಹೋಗುವ" ಎಂದೆ.

"ಎಂತ ಅವಸರ ಮಗಾ? ಪ್ರಪಂಚ ಎಲ್ಲಿಗೂ ಓಡಿ ಹೋಗುವುದಿಲ್ಲ."

ನಾನು ಸಿಟ್ಟಿನಲ್ಲಿ ಚೀನಾದ ಗೋಡೆಯ ಗೆರೆಯನ್ನು ಕಾಲೆಳೆದು ಅಳಿಸಿದೆ. ಬೈಗುಳಕ್ಕೆ ಕಾದೆ. ಮಾವ ಅದನ್ನು ಮೊದಲಿನಿಂದ ಕಟ್ಟಲು ಸಿಕ್ಕಿತಲ್ಲ ಎಂಬಂತೆ ಸುಣ್ಣ ತುಂಬಿದ ತೆಂಗಿನ ಗೆರಟೆ ಕೈಗೆತ್ತಿಕೊಂಡರು. ಆಗ ನನಗೆ ಹೆದರಿಕೆಯಾಯಿತು.

ಬೇಸಗೆ ಮುಗಿಯುತ್ತ ಬಂತು. ರಜೆಯ ಸಮಯ ಕಳೆದರೂ ಅಪ್ಪ ಬರಲಿಲ್ಲ. ಒಂದು ಬೆಳಿಗ್ಗೆ ಸಾರಿಸುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು: "ಅಣ್ಣ, ಪಾಠದಲ್ಲಿ ನೀವು ಬರ್ಮಾಕ್ಕೆ ಹೋಗದಿದ್ದರೆ ಎಂತ ಆಯಿತು? ಅದು ಅಲ್ಲಿಯೇ ಉಂಟಲ್ಲ."

ಆ ಸಂಜೆ ಮಾವ ಗೆರಟೆ ಹಿಡಿದು ಖಾಲಿ ಜಾಗಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ಕೂತು ಹಾಗೆಯೇ ಎದ್ದು ಬಂದರು. ಮರುದಿನ ಮಳೆ ಹೊಡೆಯಿತು. ಸುಣ್ಣದ ಗೆರೆಗಳು ಹಾಲಿನಂತೆ ಹರಿದು, ದೇಶಗಳು ಒಂದರೊಳಗೊಂದು ಬೆರೆತು ತೋಡಿನ ನೀರು ಸೇರಿದವು. ಬರ್ಮಾ ಮಾತ್ರ ಹೋಗಲಿಲ್ಲ, ಅದನ್ನು ಬರೆದೇ ಇರಲಿಲ್ಲ.

ಆಟಿ ತಿಂಗಳ ಜಡಿಮಳೆಯಲ್ಲಿ ಅಂಗಳಕ್ಕೆ ಹಾವಸೆ ಹಿಡಿದಿತ್ತು. ಜಾರದಿರಲೆಂದು ಹಾಸಿದ್ದ ತೆಂಗಿನ ಮಡಲಿನ ಮೇಲೆಯೇ ಎಲ್ಲರೂ ನಡೆಯುತ್ತಿದ್ದೆವು. ಒಂದು ಮಧ್ಯಾಹ್ನ ಮಡಲು ಬಿಟ್ಟು ಹಾವಸೆಯ ಮೇಲೆಯೇ ಯಾರೋ ಬಂದರು. ಕಾಲಿಗೆ ಗೋಣಿಯ ತುಂಡು ಸುತ್ತಿದ ತೆಳ್ಳಗಿನ ಮನುಷ್ಯ. ಬೇಡಲು ಬಂದವರೆಂದು ನಾನು ಅಕ್ಕಿ ತರಲು ಒಳಗೆ ಹೋದೆ. ಅಮ್ಮ ನನ್ನನ್ನು ದಾಟಿಕೊಂಡು ಹೊರಗೆ ಓಡಿದಳು. ಪೆಟ್ಟಿಗೆಯೂ ಇಲ್ಲ, ಪೆಟ್ಟಿಗೆಯ ವಾಸನೆಯೂ ಇಲ್ಲ, ನಾನು ಗುರುತು ಹಿಡಿಯುವುದು ಹೇಗೆ? ನನ್ನ ಅಪ್ಪನನ್ನು ನಾನು ಕಂಡದ್ದು ಹಾಗೆ, ಕೈಯಲ್ಲಿ ಒಂದು ಸೇರು ಅಕ್ಕಿ ಹಿಡಿದುಕೊಂಡು.

ಮಳೆಗಾಲವಿಡೀ ಅಪ್ಪ ಗಂಜಿ ಉಂಡು ಮಲಗಿದರು. ಉಡಿದಾರದಲ್ಲಿ ಒಂದು ಬೀಗದ ಕೈ ಇತ್ತು. "ರಂಗೂನಿನ ಕೋಣೆಗೆ ಬೀಗ ಹಾಕಿಯೇ ಬಂದದ್ದು ಭಾವ. ಯುದ್ಧ ಮುಗಿದ ಮೇಲೆ ಒಮ್ಮೆ ಹೋಗಬೇಕು" ಎನ್ನುತ್ತಿದ್ದರು ಮಾವನ ಹತ್ತಿರ. ಒಳಗಿನಿಂದ ಬರುತ್ತಿದ್ದ ಅಮ್ಮನ ಪಾತ್ರೆಗಳ ಸದ್ದು ಆಗ ನಿಲ್ಲುತ್ತಿತ್ತು.

ದೀಪಾವಳಿಗೆ ಅಂಗಳ ಮತ್ತೆ ಕಪ್ಪಾಯಿತು, ಮಾವ ಪ್ರಪಂಚವನ್ನು ಮತ್ತೆ ಬರೆದರು. ಅಪ್ಪ ಜಗಲಿಯಿಂದ ಇಳಿದು, "ನನ್ನ ಪಾಠ ಒಂದು ಬಾಕಿ ಉಂಟಂತೆ" ಎಂದು ಗೆರಟೆ ಕೇಳಿ ತೆಗೆದುಕೊಂಡರು. ಬರ್ಮಾ ಬರೆದರು. ದೊಡ್ಡ ನದಿ, ಅಕ್ಕಿಯ ದೋಣಿಗಳು, ಚಿನ್ನದ ಗೋಪುರ, ಕೆನ್ನೆಗೆ ಮರದ ಗಂಧ ಹಚ್ಚುವ ಹೆಂಗಸರು. ನಾನು ಬಾಯಿ ತೆರೆದು ಕೇಳಿದೆ. ಮತ್ತೆ ರಂಗೂನಿನಿಂದ ಒಂದು ಗೆರೆ ಎಳೆಯತೊಡಗಿದರು.

"ಇಲ್ಲಿಯವರೆಗೆ ನಾವು ದೊಡ್ಡ ಗುಂಪು. ಇಲ್ಲಿಂದ ಗುಡ್ಡ. ಇಲ್ಲಿ ನಾವು ಇಬ್ಬರೇ."

"ಉಳಿದವರು?" ಎಂದ ತಮ್ಮ.

"ಅವರು ಅಲ್ಲಿಯೇ."

ಗೆರೆ ಗುಡ್ಡ ಇಳಿದು ಚಿತ್ತಗಾಂಗಿಗೆ ಬಂತು, ಕಲ್ಕತ್ತಾ, ಮದರಾಸು ದಾಟಿ ತುಳಸಿಕಟ್ಟೆಗೆ ಮುಟ್ಟಿತು. ಆ ಇಬ್ಬರಲ್ಲಿ ಇನ್ನೊಬ್ಬರು ಏನಾದರೆಂದು ಯಾರೂ ಕೇಳಲಿಲ್ಲ. ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಅಪ್ಪ ಮಾವಿನೆಲೆಯಲ್ಲಿ ಹಲ್ಲುಜ್ಜುತ್ತಾ ಜಗಲಿಯಲ್ಲಿ ನಿಂತಿದ್ದರು. ಅಮ್ಮ ಸೆಗಣಿಯ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದಳು. ಒಂದು ಗೆರೆಯನ್ನೂ ಎಂದೂ ಮುಟ್ಟದವಳು ನೇರ ರಂಗೂನಿಗೆ ಹೋಗಿ ಕೂತು, ಎರಡೂ ಅಂಗೈ ಊರಿ ಆ ದಾರಿಯನ್ನು ಸಾರಿಸುತ್ತ ಬಂದಳು. ನದಿಯನ್ನು ಬಿಟ್ಟಳು, ಗೋಪುರವನ್ನು ಬಿಟ್ಟಳು. ದಾರಿಯನ್ನು ಮಾತ್ರ ತುಳಸಿಕಟ್ಟೆಯವರೆಗೂ ಅಳಿಸಿದಳು.

"ಗಂಜಿ ಆಗಿದೆ, ಬನ್ನಿ" ಎಂದು ಹೇಳಿ ಕೈ ತೊಳೆಯಲು ಬಾವಿಕಟ್ಟೆಗೆ ಹೋದಳು.

ಅಪ್ಪ ಅಳಿಸಿದ ದಾರಿಯನ್ನು ನೋಡಿ ಮಾವಿನೆಲೆ ಎಸೆದರು. ಆಮೇಲೆ ಉಡಿದಾರದಿಂದ ಬೀಗದ ಕೈ ಬಿಚ್ಚಿ ತಮ್ಮನಿಗೆ ಆಡಲು ಕೊಟ್ಟು, ಊಟಕ್ಕೆ ಒಳಗೆ ಹೋದರು.